ಆರನೆಯ ಲಿಂಬಿಹಣ್ಣು

ಕ್ಯಾಲೆಂಡರಿನ ಹಾಳೆಯ ಮೂಲೆ ಹರಿದು, ಆ ಚೂರನ್ನು ಎರಡು ಬೆರಳಲ್ಲಿ ಹಿಡಿದು, ಪಕ್ಕದ ಮನೆಯ ಕಸ್ತೂರಕ್ಕ ನಲ್ಲಿಯ ಬಾಯಿಗೆ ಒಡ್ಡುತ್ತಿದ್ದಳು. ಆಗ ನಾವಿದ್ದ ಊರಿನಲ್ಲಿ ನಮ್ಮ ಓಣಿಗೆ ನೀರು ಬರುತ್ತಿದ್ದುದು ಐದು ದಿನಕ್ಕೊಮ್ಮೆ, ಬೆಳಿಗ್ಗೆ ಎರಡು ತಾಸು. ಬರುವ ಮೊದಲು ನಲ್ಲಿಗಳು ಉಸಿರಾಡುತ್ತಿದ್ದವು. ಕಾಗದ ಹೊರಗೆ ಬಾಗಿ ಪಟಪಟ ಅಂದರೆ ನೀರು ಹೊರಟಿದೆ ಎಂದರ್ಥ; ಆಗ ಅವಳು ಕೊಡಗಳನ್ನು ಸಾಲಾಗಿ ಇಡುತ್ತಿದ್ದಳು. ಕೆಲವು ಸಲ, ಹೊತ್ತಿಗೆ ಮುಂಚೆ ಒಡ್ಡಿದಾಗ, ಕಾಗದ ಹೊರಗೆ ಬಾಗದೆ ನಲ್ಲಿಯ ಬಾಯಿಗೇ ಹೋಗಿ ಅಂಟಿಕೊಳ್ಳುತ್ತಿತ್ತು. ಅಂಥ ದಿನ ಗಿಡ್ಡ ಗೋಡೆಯ ಆಚೆಯಿಂದ ನನ್ನನ್ನು ಕೂಗುತ್ತಿದ್ದಳು.

"ಏ ತಂಗಿ, ಬಾ ಇಲ್ಲೆ! ನಲ್ಲಿ ಇವತ್ತೂ ಒಳಗ ಎಳಕೊಳ್ಳಾಕತ್ತೈತಿ ನೋಡು. ನೀ ಎಂಜಿನೇರ್ ಅದಿ, ಇದಕ್ಕೇನಂತಿ?"

"ಗಾಳಿ, ಕಸ್ತೂರಕ್ಕ. ಪೈಪಿನೊಳಗ ಗಾಳಿ ಸಿಕ್ಕೊಂಡಿರ್ತೈತಿ" ಎನ್ನುತ್ತಿದ್ದೆ, ತಲೆ ಬಾಚಿಕೊಳ್ಳುತ್ತ.

"ಗಾಳಿ ಇದ್ರ ಹೊರಗ ಬರಬೇಕಲ್ಲ?"

"ಒಮ್ಮೊಮ್ಮೆ ಹಿಂಗೂ ಆಗ್ತೈತಿ ಬಿಡು."

ನಾನು ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರು. ಕೌದಿ ಹೊಲಿದು ಬದುಕುವ ಹೆಂಗಸೊಬ್ಬಳು ಕಾಗದದ ಚೂರು ಹಿಡಿದು ನನಗೆ ಪಾಠ ಹೇಳುವುದೆಂದರೇನು? ಅಷ್ಟು ಸೊಕ್ಕಿತ್ತು ನನಗೆ. ಸುಳ್ಳೇಕೆ ಹೇಳಲಿ?

ಸೊಕ್ಕಿನ ಜೊತೆಗೆ ಒಂದು ಗುಟ್ಟೂ ಇತ್ತು. ನಮ್ಮ ಬಚ್ಚಲ ಮೂಲೆಯಲ್ಲಿ, ಬೋರಲು ಹಾಕಿದ ಬಿದಿರಿನ ಬುಟ್ಟಿಯ ಕೆಳಗೆ, ಒಂದು ಚಿಕ್ಕ ಮೋಟರ್ ಇತ್ತು. ನಲ್ಲಿಗೆ ನೇರವಾಗಿ ಮೋಟರ್ ಹಚ್ಚಿ ನೀರು ಎಳೆಯಬಾರದೆಂದು ಕಚೇರಿಯ ಕಟ್ಟಪ್ಪಣೆ. ಬೇರೆ ಓಣಿಗಳಲ್ಲಿ ಮನೆಮನೆ ಹೊಕ್ಕು ಮೋಟರ್ ಕಿತ್ತು ಜಪ್ತಿ ಮಾಡಿದವಳೂ ನಾನೇ. ಆದರೆ ಅವ್ವನ ಮೊಣಕಾಲು ಬಾತಿದ್ದವು, ಕೊಡ ಎತ್ತಲಾಗುತ್ತಿರಲಿಲ್ಲ. ನೀರು ಬರುವ ಹೊತ್ತಿಗೆ ನಾನು ಕೆಲಸದ ಮೇಲೆ ಊರೆಲ್ಲ ಸುತ್ತುತ್ತಿರುತ್ತಿದ್ದೆ. ಊರಲ್ಲಿ ಇಷ್ಟು ಜನ ಹಚ್ಚಿಕೊಂಡಿದ್ದಾರೆ, ನಮ್ಮದೊಂದರಿಂದ ಏನಾದೀತು ಎಂದುಕೊಂಡು ನಾನೇ ತಂದು ಕೂಡಿಸಿದ್ದೆ. ಮೋಟರಿಗೂ ಒಂದು ಚಟವಿತ್ತು. ಗುಂಡಿ ಒತ್ತಿದರೆ ಸುಮ್ಮನೆ ಕೂತಿರುತ್ತಿತ್ತು. ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ತಂದು ಅದರ ತಲೆಗೆ ಮೂರು ಸಲ ಕುಟ್ಟುತ್ತಿದ್ದಳು: ಟೊಕ್, ಟೊಕ್, ಟೊಕ್. ಆಮೇಲೆ ಅದು ಗುಂಯ್ ಎಂದು ಸುರುವಾಗುತ್ತಿತ್ತು. ಮೊದಲ ನೀರು ತಪ್ಪಬಾರದೆಂದು ಅವ್ವ ಅರ್ಧ ತಾಸು ಮುಂಚೆಯೇ ಈ ಪೂಜೆ ಮುಗಿಸಿರುತ್ತಿದ್ದಳು.

ಆ ವರ್ಷ ಕಸ್ತೂರಕ್ಕನ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಒಬ್ಬಳೇ ಮಗಳು. ಕಸ್ತೂರಕ್ಕನಿಗೆ ಕಾಲು ನೆಲಕ್ಕೆ ನಿಲ್ಲಲಿಲ್ಲ. ಹುಟ್ಟುವ ಕೂಸಿಗೆಂದು ಅಂಗೈಯಗಲದ ಬಣ್ಣದ ಚೂರುಗಳ ಕೌದಿ ಹೊಲಿಯತೊಡಗಿದಳು. ಒಂದು ಹನಿ ನೀರನ್ನೂ ಚೆಲ್ಲದ ಹೆಂಗಸು ಅವಳು. ಪಾತ್ರೆ ತೊಳೆದ ನೀರನ್ನು ಸಹ ಬಸಳೆಬಳ್ಳಿಗೆ ಹಾಕುವವಳು. ನೀರು ಬಂದ ದಿನ ನಲ್ಲಿಯಿಂದ ಬಿದ್ದ ಮೊಟ್ಟಮೊದಲ ಕೊಡವನ್ನು ಯಾರಿಗೂ ಮುಟ್ಟಗೊಡದೆ ಮಗಳ ಕುಡಿಯುವ ನೀರಿಗೆಂದು ತೆಗೆದಿಡುತ್ತಿದ್ದಳು.

"ಮೊದಲ ಕೊಡ ಬಸರಿಗೆ" ಎನ್ನುತ್ತಿದ್ದಳು. "ಉಳಿದದ್ದು ನಮಗ ಸಾಕು."

ಶಿವಲೀಲಾಳಿಗೆ ಎಂಟನೆಯ ತಿಂಗಳು ನಡೆಯುತ್ತಿದ್ದಾಗ ಓಣಿಯಲ್ಲಿ ಕಾಮಾಲೆ ಎದ್ದಿತು. ಮೊದಲು ತುದಿಮನೆಯ ಬಡಿಗ, ಆಮೇಲೆ ಅಕ್ಕಪಕ್ಕದವರು, ವಾರದೊಳಗೆ ಹನ್ನೊಂದು ಜನ. ಹನ್ನೆರಡನೆಯವಳು ಶಿವಲೀಲಾ. ಅವಳ ಕಣ್ಣು ಅರಿಸಿನ ಕಲಸಿದ ನೀರಿನಂತೆ ಹಳದಿಯಾಗಿದ್ದವು. ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇದು ಹೊಲಸು ನೀರಿನಿಂದ ಬರುವ ಜಡ್ಡು, ಬೇರೆಯವರಿಗೆ ತಾನಾಗಿ ಇಳಿಯುತ್ತದೆ, ತುಂಬು ಬಸುರಿಗೆ ಮಾತ್ರ ಜೀವಕ್ಕೇ ಎರವು ಎಂದರು. "ನೀರಿನ ಆಫೀಸಿನವರು ನೀವೇ ಅಲ್ಲವೇ? ಹೊಲಸು ಎಲ್ಲಿ ಸೇರುತ್ತಿದೆ, ಬೇಗ ಹುಡುಕಿ. ಈ ಓಣಿಯಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ."

ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ನಾವು ಕುದಿಸಿ ಆರಿಸಿದ ನೀರು ಕುಡಿಯುವವರು.

ಕಚೇರಿಗೆ ಆಗಷ್ಟೇ ಹೊಸ ಸಲಕರಣೆಯೊಂದು ಬಂದಿತ್ತು. ಲಿಂಬೆಹಣ್ಣಿನ ಗಾತ್ರದ ಆರು ಹಳದಿ ಚೆಂಡು. ಪೈಪಿನೊಳಗೆ ಬಿಟ್ಟರೆ ನೀರಿನ ಜೊತೆ ಊರೆಲ್ಲ ಓಡಾಡಿ, ಹೋದ ದಾರಿಯುದ್ದಕ್ಕೂ ನೀರಿನ ಒತ್ತಡ, ಕೊಳೆ, ಸುತ್ತಲಿನ ಸಪ್ಪಳ ಮೂರನ್ನೂ ಗುರುತಿಟ್ಟುಕೊಳ್ಳುತ್ತಿದ್ದವು. ಒಂದರ ಹತ್ತಿರ ಇನ್ನೊಂದು ಬಂದರೆ ತಾವು ಕಂಡದ್ದನ್ನು ಪರಸ್ಪರ ದಾಟಿಸುತ್ತಿದ್ದವು. ಅವುಗಳನ್ನು ನಡೆಸುವುದು ಕಲಿತವಳು ಕಚೇರಿಯಲ್ಲಿ ನಾನೊಬ್ಬಳೇ. ಮೂವತ್ತು ವರ್ಷದಿಂದ ಊರಿಗೆ ನೀರು ಬಿಡುತ್ತಿದ್ದ ಬುಡನ್‌ಸಾಬ ಒಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಲಿಂಬಿಹಣ್ಣ ಇದ್ದಂಗ ಅದಾವಲ್ರೀ ಬಾಯಾರ. ಊರಿಗೇ ದೃಷ್ಟಿ ತೆಗೀತೀರೇನ?"

"ತೆಗಿಯೂಣು ನಡಿ" ಎಂದೆ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಮ್ಮ ಓಣಿಯ ಸರದಿಯ ದಿನ ಊರಿನ ದೊಡ್ಡ ನೀರಿನ ಟಾಕಿಯ ಬಾಯಲ್ಲಿ ಆರನ್ನೂ ಬಿಟ್ಟೆವು. ಪೈಪು ತೊಳೆದ ನೀರು ಹೊರಬೀಳುವ ಕೊನೆಯ ಬಾಯಿಯ ಹತ್ತಿರ, ಹಳ್ಳದ ಬದಿಯಲ್ಲಿ, ಬುಡನ್‌ಸಾಬ ಮೀನಿನ ಬಲೆ ಹಿಡಿದು ಕೂತ. ಒಂದು ಬಂತು, ಎರಡು, ಮೂರು. ಐದು ಬಂದವು. ಆರನೆಯದು ಬರಲಿಲ್ಲ. ಅಷ್ಟರಲ್ಲಿ ನೀರು ನಿಂತಿತು.

ಐದರಲ್ಲೂ ಕೊಳೆಯ ಸುಳಿವಿರಲಿಲ್ಲ. ಕೊನೆಗೆ ಬಂದ ಐದನೆಯದರ ನೆನಪಿನಲ್ಲಿ ಆರನೆಯದರ ಕೊನೆಯ ಕೂಗು ಸಿಕ್ಕಿತು. ನಮ್ಮ ಓಣಿಯ ತಿರುವು ದಾಟಿದ ಮೇಲೆ ಅದು ಎಲ್ಲಿಯೋ ಸಿಕ್ಕಿಕೊಂಡಿತ್ತು. ಮುಂದಿನ ನೀರು ಬಂದು ತಳ್ಳಬೇಕು, ಅಲ್ಲಿಯವರೆಗೆ ಅದು ಕತ್ತಲಲ್ಲಿ ಕೂತು ಕೇಳಿಸಿಕೊಳ್ಳುತ್ತಲೇ ಇರುತ್ತದೆ.

"ಇವತ್ತೇ ಇನ್ನೊಮ್ಮೆ ನೀರ ಬಿಡ್ರಿ ಸಾಹೇಬ್ರ" ಎಂದು ನಮ್ಮ ಮೇಲಧಿಕಾರಿ ಹಾದಿಮನಿ ಸಾಹೇಬರ ಮುಂದೆ ನಿಂತೆ.

"ಟಾಕ್ಯಾಗ ಏನೈತಿ ಅಂತ ಬಿಡೂದು? ಐದು ದಿನ ತಡೀರಿ."

"ಹಂಗಾದ್ರ ಅಗಿಯೂಣು."

"ಇಡೀ ಓಣಿ ಅಗೀತೀರೇನ? ಕುಡಿಯಾಕ ಟ್ಯಾಂಕರ್ ಕಳಸತೀನಿ. ತಡೀರಿ."

ಆ ಐದು ದಿನ ನಾನು ಒಂದು ಕಡೆ ಕೂತವಳಲ್ಲ. ಆಸ್ಪತ್ರೆಗೆ ಹೋಗುವೆ, ಶಿವಲೀಲಾ ಕಣ್ಣು ತೆರೆಯದಿರುವುದನ್ನು ನೋಡಿ ತಿರುಗುವೆ, ಕಚೇರಿಗೆ ಹೋಗಿ ಅದೇ ನಕ್ಷೆ ಬಿಚ್ಚುವೆ, ಮತ್ತೆ ಓಣಿಗೆ ಬಂದು ಗಟಾರದ ಪಕ್ಕ ಆ ತುದಿಯಿಂದ ಈ ತುದಿಗೆ ನಡೆಯುವೆ. ಈ ನೆಲದ ಕೆಳಗೆ ಎಲ್ಲೋ ಅದು ಇದೆ, ಕೈಗೆ ಸಿಗುತ್ತಿಲ್ಲ.

"ಒಂದೀಟ ಕುಂದರವಾ" ಎಂದಳು ಅವ್ವ. "ಕಾಲಿಗೆ ಗಾಲಿ ಕಟ್ಟಿಕೊಂಡೀಯೇನು? ಊರಿನ ಜಡ್ಡೆಲ್ಲಾ ನೀನ ಹೊತ್ತಂಗ ಮಾಡತಿ."

ಐದನೆಯ ಬೆಳಿಗ್ಗೆ ಹೊರಡುವಾಗ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದೆ. ಬುಟ್ಟಿಯ ಮೇಲೆ ಕಣ್ಣು ಹೋಯಿತು. ನಮ್ಮ ಮೋಟರಿನ ವಿಚಾರ ನನಗೆ ಬರಲಿಲ್ಲವೇ ಎಂದು ಮುಂದೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬಂತು. ಇವತ್ತೊಂದು ದಿನ ಹಚ್ಚಬೇಡ ಎಂದು ಅವ್ವನಿಗೆ ಹೇಳಬೇಕೆಂದು ಬಾಯಿ ತುದಿಗೂ ಬಂತು. ಹೇಳಿದರೆ, ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂಬುದಕ್ಕೆ ಉತ್ತರ ಹುಡುಕುವ ಧೈರ್ಯ ನನಗಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ.

"ಬಂತ್ರೀ ಬಾಯಾರ! ತಪ್ಪಿಸಿಕೊಂಡಿದ್ದ ಲಿಂಬಿಹಣ್ಣ ಬಂತ!" ಬುಡನ್‌ಸಾಬ ಮೊಣಕಾಲುದ್ದ ನೀರಿನಲ್ಲಿ ನಿಂತು ಬಲೆ ಎತ್ತಿ ಕುಣಿಯುತ್ತಿದ್ದ. ಕೆಸರು ಮೆತ್ತಿದ ಚೆಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಕಚೇರಿಗೆ ಓಡಿದೆ.

ಕಂಪ್ಯೂಟರಿನ ತೆರೆಯ ಮೇಲೆ ಐದು ದಿನದ ಗೆರೆಗಳು ಮೂಡಿದವು. ನಾಲ್ಕು ದಿನ ಎಲ್ಲವೂ ಸಪಾಟು. ಐದನೆಯ ದಿನ, ಅಂದರೆ ಅವತ್ತೇ ಬೆಳಿಗ್ಗೆ, ನೀರು ಬರುವುದಕ್ಕೆ ಇನ್ನೂ ಅರ್ಧ ತಾಸಿರುವಾಗ, ಒತ್ತಡದ ಗೆರೆ ದಡಕ್ಕನೆ ಸೊನ್ನೆಯ ಕೆಳಗೆ ಇಳಿದಿತ್ತು. ಯಾರೋ ಖಾಲಿ ಪೈಪನ್ನು ಹೀರುತ್ತಿದ್ದರು. ಅದರ ಹಿಂದೆಯೇ ಕೊಳೆಯ ಗೆರೆ ನೆಟ್ಟಗೆ ಎದ್ದಿತ್ತು. ನೀರು ಬಂದ ಮೇಲೆ ಮೊದಲ ಹತ್ತು ನಿಮಿಷ ಆ ಕೊಳೆಯನ್ನೆಲ್ಲ ತಳ್ಳಿಕೊಂಡು ಮುಂದಿನ ಮನೆಗಳಿಗೆ ಒಯ್ದಿತ್ತು. ಆಮೇಲೆ ಬಂದದ್ದು ಬಹುಮಟ್ಟಿಗೆ ತಿಳಿನೀರು; ಮೊದಲಿನ ಐದು ಚೆಂಡು ಕಂಡದ್ದು ಅದನ್ನೇ.

ಮೊದಲ ಹತ್ತು ನಿಮಿಷ. ಅಂದರೆ ಮೊದಲ ಕೊಡ.

ಸಪ್ಪಳ ಕೇಳಲು ಹೆಡ್‌ಫೋನ್ ಹಾಕಿಕೊಂಡೆ. ದೂರದಲ್ಲಿ ಕೈಗಾಡಿಯೊಂದು ಉರುಳಿಹೋದ ಸದ್ದು. ಆಮೇಲೆ ನಿಶ್ಶಬ್ದ. ಆಮೇಲೆ, ನನ್ನ ಕಿವಿಯಲ್ಲೇ ಕುಟ್ಟಿದಂತೆ:

ಟೊಕ್, ಟೊಕ್, ಟೊಕ್.

ಮತ್ತು ಗುಂಯ್ ಎಂಬ ಮೊರೆತ.

ತಿರುಗಿಸಿ ಮತ್ತೊಮ್ಮೆ ಕೇಳಿದೆ. ಲೋಕದಲ್ಲಿ ಆ ಮೂರು ಪೆಟ್ಟಿನ ಗುರುತು ಇದ್ದವರು ಇಬ್ಬರೇ.

ಹಾದಿಮನಿ ಸಾಹೇಬರೂ ಕೇಳಿದರು. "ಯಾವನೋ ಮೋಟರ್ ಹಚ್ಚ್ಯಾನ. ಎಳದ ಎಳತಕ್ಕ ಗಟಾರದ ನೀರ ಒಳಗ ಬಂದೈತಿ. ಆದ್ರ ಮನಿ ಯಾವುದಂತ ಹೆಂಗ ಹಿಡಿಯೂದು? ತೂತ ಮುಚ್ಚಿಸ್ರಿ, ಮನಿ ಗುರುತು ಸಿಗಲಿಲ್ಲ ಅಂತ ಬರದ ಬಿಡ್ರಿ."

ಬಿಡಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು. ನಾನು ಏನೂ ಬರೆಯದೆ, ಆಳುಗಳನ್ನು ಕರೆದುಕೊಂಡು ಓಣಿಗೆ ಬಂದೆ. ಗೆರೆ ತೋರಿಸಿದ ಜಾಗದಲ್ಲಿ ಅಗೆದರು. ನಮ್ಮ ಗೋಡೆಯಿಂದ ನಾಲ್ಕು ಹೆಜ್ಜೆ ಆಚೆ, ಗಟಾರದ ಅಡಿಯಲ್ಲಿ ಪೈಪಿನ ಜೋಡಣೆ ಬಾಯಿಬಿಟ್ಟಿತ್ತು. ಆ ಕಪ್ಪು ನೀರು ಅದರೊಳಗೆ ಬಸಿಯುತ್ತಿದ್ದುದನ್ನು ಕಣ್ಣಾರೆ ಕಂಡೆ. ಆಳುಗಳು ಅದನ್ನು ಬಿಗಿಯುತ್ತಿರುವಾಗ ಮನೆಯೊಳಗೆ ಹೋಗಿ ಬುಟ್ಟಿ ಎತ್ತಿ ಒಗೆದೆ, ಸ್ಪ್ಯಾನರ್ ಹಿಡಿದು ಮೋಟರ್ ಬಿಚ್ಚತೊಡಗಿದೆ.

"ಏನ ಬಂದೈತಿ ನಿನಗ?" ಅವ್ವ ಗೋಡೆ ಹಿಡಿದುಕೊಂಡು ಬಂದಳು. "ಊರ ಮಂದಿಯೆಲ್ಲಾ ಹಚ್ಚ್ಯಾರ. ನಾವೊಬ್ಬರ ಕಳ್ಳರೇನು?"

"ಶಿವಲೀಲಾಗ ಹೊಲಸ ಕುಡಿಸಿದವರು ನಾವು, ಅವ್ವಾ. ನೀ ಕುಟ್ಟಿದ್ದು ಪೈಪಿನೊಳಗಿಂದ ಕೇಳಿ ಬಂದೀನಿ."

ಅವ್ವ ಅಲ್ಲೇ ಬಚ್ಚಲ ಹೊಸ್ತಿಲ ಮೇಲೆ ಕೂತಳು. ಅವಳ ತಪ್ಪು ಏನೂ ಇರಲಿಲ್ಲ. ಹಚ್ಚಿಕೊಟ್ಟವಳು ನಾನು, ತಿಳಿದವಳು ನಾನು. ಅದನ್ನೂ ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ.

ನೀರು ಸೋರುವ ಮೋಟರನ್ನು ಎದೆಗವಚಿಕೊಂಡು ಓಣಿಯ ನಡುವೆಯೇ ನಡೆದೆ. ಎಲ್ಲರೂ ನೋಡಿದರು. ಹಾದಿಮನಿ ಸಾಹೇಬರ ಮೇಜಿನ ಮೇಲೆ ಇಟ್ಟೆ.

"ಏನ್ರಿ ಇದು?"

"ಜಪ್ತಿ, ಸಾಹೇಬ್ರ. ಮನಿಯವರ ಹೆಸರು ನಂದ ಬರಕೊಳ್ರಿ."

ಅವರು ಕನ್ನಡಕ ಸರಿಮಾಡಿಕೊಂಡು ಬರೆದುಕೊಂಡರು. ಆಮೇಲೆ ನನ್ನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು, ಚೆಂಡುಗಳು ಬೇರೆಯವರ ಕೈಗೆ ಹೋದವು. ಅದು ದೊಡ್ಡ ಮಾತಲ್ಲ.

ದೊಡ್ಡ ಮಾತು ಆಸ್ಪತ್ರೆಯಲ್ಲಿತ್ತು. ನಾನು ಹೋಗುವಷ್ಟರಲ್ಲಿ ಶಿವಲೀಲಾಳಿಗೆ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಅಳಲೇ ಇಲ್ಲ. ತಾಯಿ ಉಳಿಯುತ್ತಾಳೆ ಎಂದಿದ್ದರು ಡಾಕ್ಟರಮ್ಮ. ಕಸ್ತೂರಕ್ಕ ಹೊರಗಿನ ಬೆಂಚಿನ ಮೇಲೆ, ಮುಗಿಯದ ಆ ಪುಟ್ಟ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮೋಟರ್, ಬುಟ್ಟಿ, ಗಟಾರ, ಎಲ್ಲ. ನನಗೆ ಹೊಡೆಯಲಿ ಎಂದು ಕಾಯುತ್ತಿದ್ದೆ. ಅವಳು ಹೊಡೆಯಲಿಲ್ಲ.

"ಅಂದ್ರ ಅದು ಗಾಳಿ ಅಲ್ಲ" ಎಂದಳು.

"ಅಲ್ಲ."

"ನಾ ಹೇಳಿದ್ದೆ ತಂಗಿ."

"ಹೇಳಿದ್ದಿ ಕಸ್ತೂರಕ್ಕ."

ಅವಳು ಕೌದಿಯ ಅಂಚನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಆಮೇಲೆ ನನ್ನ ಭುಜ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಒಂದ ಮಾತು ಖರೇ ಹೇಳು. ಮೊದಲ ಕೊಡ ನಾ ಆಕಿಗಂತ ತೆಗೆದಿಡತಿದ್ನಲ್ಲ... ಅದರಾಗ ಹೆಚ್ಚಿತ್ತೇನು, ಹೊಲಸು?"

ಬೆಳಿಗ್ಗೆಯಿಂದ ಖರೆಯನ್ನೇ ಹೇಳುತ್ತ ಬಂದಿದ್ದೆ. ಅದರಲ್ಲಿ ಒಂದು ಬಗೆಯ ಹಗುರವೂ ಇತ್ತು. ಈ ಪ್ರಶ್ನೆಗೆ ಖರೆ ಹೇಳಿದರೆ ನನ್ನ ಪಾಪದಲ್ಲಿ ಅರ್ಧವನ್ನು ಅವಳ ಉಡಿಗೆ ಹಾಕಿದಂತೆ. ಅಷ್ಟು ನೀಚಳಾಗಲು ನನ್ನಿಂದ ಆಗಲಿಲ್ಲ.

"ಇಲ್ಲ" ಎಂದೆ. "ಎಲ್ಲಾ ಕೊಡದಾಗೂ ಅಷ್ಟ ಇತ್ತು. ಮೊದಲಂದರೇನು, ಕಡೀದಂದರೇನು."

ಅವಳು ನನ್ನ ಕಣ್ಣುಗಳನ್ನೇ ನೋಡುತ್ತಿದ್ದಳು. ಭುಜದ ಮೇಲಿನ ಕೈ ತೆಗೆದಳು.

ಶಿವಲೀಲಾ ಚೇತರಿಸಿಕೊಂಡು ಗಂಡನ ಊರಿಗೆ ಹೋದಳು. ಕಸ್ತೂರಕ್ಕ ನನ್ನ ಜೊತೆ ಮಾತು ಬಿಟ್ಟಳು. ನಾನೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ನೀರಿನ ದಿನ ಈಗ ಅವ್ವನ ಬದಲು ನಾನೇ ಕೊಡ ಹಿಡಿಯುತ್ತಿದ್ದೆ, ಸೊಂಟ ನೋಯುತ್ತಿತ್ತು, ನೋಯಲಿ ಎನ್ನಿಸುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಗೋಡೆಯಾಚೆ ಕಾಗದ ಹರಿದ ಸದ್ದಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ಸಲ. ಕಸ್ತೂರಕ್ಕ ಕ್ಯಾಲೆಂಡರಿನ ಚೂರು ಹಿಡಿದು ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಗೋಡೆಯ ಮೇಲಿಂದ ನೋಡಿದೆ. ಕಾಗದ ಹೊರಗೆ ಬಾಗಿತು, ಪಟಪಟ ಅಂದಿತು. ನೀರು ಬಂತು. ಅವಳು ಕೊಡ ಇಟ್ಟಳು, ತುಂಬುವವರೆಗೂ ಕಾದಳು. ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿದಳು. ಹನಿ ನೀರು ಚೆಲ್ಲದ ಆ ಹೆಂಗಸು ನಡೆದು ಹೋಗಿ, ನನ್ನ ಕಡೆಗೊಮ್ಮೆ ನೋಡಿ, ಆ ಮೊದಲ ಕೊಡವನ್ನು ಪೂರ್ತಿ ಗಟಾರಕ್ಕೆ ಬಗ್ಗಿಸಿದಳು. ಆಮೇಲೆ ಖಾಲಿ ಕೊಡವನ್ನು ತಂದು ಮತ್ತೆ ನಲ್ಲಿಯ ಕೆಳಗೆ ಇಟ್ಟಳು.