ಆರು ಶನಿವಾರ

ಆ ಬುಧವಾರ ಬೆಳಿಗ್ಗೆ ಮೋಡ ಕವಿದಿತ್ತು, ಆದರೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮೂರು ದಿನದಿಂದ ಹೀಗೇ. ನಸುಕಿಗೆ ಮೋಡ ಬಂದು ಗುಡ್ಡದ ನೆತ್ತಿಯ ಮೇಲೆ ಕೂರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಯಾರೋ ಕರೆದಂತೆ ಎದ್ದು ಶೃಂಗೇರಿಯ ಕಡೆಗೆ ಹೋಗಿಬಿಡುತ್ತಿತ್ತು. ಕಾಫಿ ಅರಳಲು ಬೇಕಾದ ಹೂಮಳೆ ಏಪ್ರಿಲ್ ಬಂದರೂ ಒಂದು ಹನಿಯೂ ಬಿದ್ದಿರಲಿಲ್ಲ. ಮೈಗೆ ಅಂಟುವ ಆ ಸೆಕೆಯಲ್ಲಿ ಅತ್ತಿಮಕ್ಕಿಯ ಜನ ರಸ್ತೆಯ ಮೋರಿಯ ಪಕ್ಕ ನಿಂತು, ಕೆಳಗಿನ ತಿರುವಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದ ಲಾರಿಯ ಸದ್ದು ಕೇಳುತ್ತಿದ್ದರು.

"ಬೋರಿನ ಲಾರಿನೇ ಅದು," ಅಂದ ಪ್ರದೀಪ. ಬಸರೀಕಟ್ಟೆಯಲ್ಲಿ ಬಾಡಿಗೆ ಜೀಪು ಓಡಿಸುವ ಅವನಿಗೆ ಸದ್ದಿನಲ್ಲೇ ಗಾಡಿ ಗೊತ್ತಾಗುತ್ತದೆ. ತನ್ನ ಜೀಪನ್ನು ಅವನು ಆಗಲೇ ರಸ್ತೆಗೆ ಅಡ್ಡ ನಿಲ್ಲಿಸಿದ್ದ. "ಮೇಲಿನ ಎಸ್ಟೇಟಿನವ್ರಿಗೆ ಇನ್ನೂ ಬುದ್ಧಿ ಬಂದಿಲ್ಲ ಕಾಣ್ತದೆ."

"ಪುಟ್ಟಯ್ಯಣ್ಣ ಎಲ್ಲಿ? ಇಂಥ ಹೊತ್ತಲ್ಲಿ ಅವ್ರೇ ಇಲ್ಲ," ಎಂದಳು ರಾಧಮ್ಮ. ಕೊಟ್ಟಿಗೆಯ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದ ಅವಳ ಕೈಯಲ್ಲಿ ಇನ್ನೂ ಕತ್ತಿಯಿತ್ತು.

"ಕೊಪ್ಪಕ್ಕೆ ಹೋಗಿರ್ಬೇಕು. ಇನ್ನೊಂದು ಅರ್ಜಿ ಕೊಡಕೆ."

ಅತ್ತಿಮಕ್ಕಿಯೆಂದರೆ ಏಳು ಮನೆ, ಒಂದು ಒರತೆ. ಗುಡ್ಡದ ನಡುವೆ ಚೌಡಿಯ ಕಲ್ಲಿನ ಬುಡದಿಂದ ಜಿನುಗುವ ನೀರನ್ನು ಒಂದು ತೊಟ್ಟಿಗೆ ಕೂಡಿಸಿ, ಅಲ್ಲಿಂದ ಪೈಪಿನಲ್ಲಿ ಮನೆಮನೆಗೆ ಇಳಿಸಿಕೊಂಡಿದ್ದರು. ಮಳೆಗಾಲದಲ್ಲಿ ಎಲ್ಲರಿಗೂ ಎಲ್ಲ ಹೊತ್ತೂ ನೀರು. ಶಿವರಾತ್ರಿ ಕಳೆದ ಮೇಲೆ ಪಾಳಿ. ವಾರಕ್ಕೆ ಒಂದು ಹಗಲು, ಒಂದು ರಾತ್ರಿ ಒಂದು ಮನೆಗೆ. ಬುಧವಾರ ರಾಧಮ್ಮನದು, ಶನಿವಾರ ಪುಟ್ಟಯ್ಯನದು. ಒರತೆಯ ಮೇಲಿನ ಕಾಡಿನಲ್ಲಿ ಯಾರೂ ಸೊಪ್ಪು ಕಡಿಯುವಂತಿರಲಿಲ್ಲ, ಚಪ್ಪಲಿ ಮೆಟ್ಟಿ ಹತ್ತುವಂತಿರಲಿಲ್ಲ. ಮೂರು ವರ್ಷದ ಹಿಂದೆ ಮೇಲಿನ ಎಸ್ಟೇಟಿನವರು ಬೋರು ಕೊರೆಸಲು ಹೊರಟಾಗ, ಪುಟ್ಟಯ್ಯ ಏಳೂ ಮನೆಯವರನ್ನು ಎರಡು ದಿನ ಇದೇ ಮೋರಿಯ ಮೇಲೆ ಕೂರಿಸಿ ಲಾರಿಯನ್ನು ಹಿಂದಕ್ಕೆ ಕಳಿಸಿದ್ದ. ಆ ಸಂಜೆಯೇ ಎಲ್ಲರೂ ತೊಟ್ಟಿಯ ನೀರಿನಲ್ಲಿ ಕೈ ಅದ್ದಿ, ನಮ್ಮ ಮಣ್ಣಿಗೆ ಬೋರು ಇಳಿಸುವುದಿಲ್ಲ ಎಂದು ಚೌಡಿಗೆ ಮಾತು ಕೊಟ್ಟಿದ್ದರು.

ಮಾತು ಉಳಿದಿತ್ತು. ನೀರು ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿತ್ತು. ಗುಡ್ಡದ ಆಚೆ ಮಗ್ಗುಲಲ್ಲಿ, ಇವರ ಮಾತು ನಡೆಯದ ಕಡೆ, ಒಂದಾದ ಮೇಲೊಂದು ಬೋರು ಇಳಿದಿದ್ದವು. ಅವನ್ನು ನಿಲ್ಲಿಸಿ ಎಂದು ಪುಟ್ಟಯ್ಯ ಬರೆದ ಅರ್ಜಿಗಳಿಗೆಲ್ಲ ಮೊಹರು ಬಿದ್ದು, ಒಂದು ಪ್ರತಿ ಅವನ ಕೈಗೇ ಬಂದಿತ್ತು. ಅಷ್ಟೇ.

ಲಾರಿ ಜೀಪಿನೆದುರು ಬಂದು ನಿಂತಿತು. ಅದರ ಹಿಂದೆ ಕೊಳವೆ ತುಂಬಿದ ಇನ್ನೊಂದು. ಡ್ರೈವರು ಕೆಳಗಿಳಿದು, ಕತ್ತಿ ಹಿಡಿದ ಹೆಂಗಸಿನ ಕಡೆ ಒಮ್ಮೆ ನೋಡಿ, ಪ್ರದೀಪನ ಹತ್ತಿರ ಬಂದ.

"ಪುಟ್ಟಯ್ಯ ಮನೆ ಯಾವುದು ಸಾರ್? ಬೋರ್ ಪಾಯಿಂಟ್ ಅಲ್ಲೇ."

ಜನ ಘೊಳ್ಳನೆ ನಕ್ಕರು. "ಪುಟ್ಟಯ್ಯನ ಮನೇಲಿ ಬೋರಾ? ಬೋರಿನ ಹೆಸರು ಕೇಳಿದ್ರೆ ಸ್ನಾನ ಮಾಡೋ ಮನುಷ್ಯ ಮಾರಾಯ ಅವ್ರು," ಅಂದ ಪ್ರದೀಪ. "ಯಾರೋ ನಿಂಗೆ ಟೋಪಿ ಹಾಕಿದಾರೆ. ಗಾಡಿ ತಿರುಗ್ಸು."

"ಟೋಪಿ ಅಲ್ಲ. ಕರೆಸಿದ್ದು ನಾನೇ."

ಒಳದಾರಿಯಿಂದ ಪುಟ್ಟಯ್ಯ ಬಂದು ನಿಂತಿದ್ದ. ಆಣೆ ಮಾಡಿಸಿದ ದಿನ ಉಟ್ಟಿದ್ದಂಥ ಬಿಳಿ ಪಂಚೆಯನ್ನೇ ಅವನು ದಿನವೂ ಉಡುತ್ತಿದ್ದುದು. ಇವತ್ತು ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಗಿಯ ಕಾಲರಿನಲ್ಲಿ ಬೆವರಿನ ಉಪ್ಪು ಬಿಳಿಗೆರೆ ಕಟ್ಟಿತ್ತು. ರಾಧಮ್ಮನಿಗೆ ಮೊದಲು ಕಂಡದ್ದು ಅದು.

"ಜೀಪು ತೆಗಿ ಪ್ರದೀಪ. ಅವ್ರಿಗೂ ಹೊತ್ತಾಗ್ತದೆ."

ಯಾರೂ ಅಲುಗಲಿಲ್ಲ. ಪ್ರದೀಪನ ಮುಖ ಕೆಂಪಾಯಿತು. "ಎಂತ ಹೇಳ್ತಿದೀರಿ ನೀವು? ನೀರಲ್ಲಿ ಕೈ ಅದ್ದಿ ಆಣೆ ಹಾಕ್ಸಿದ್ದು ನೀವಲ್ವಾ? ಎರಡು ದಿನ ಬಾಡಿಗೆ ಬಿಟ್ಟು ಇಲ್ಲಿ ಬಿಸಿಲಲ್ಲಿ ಕೂತಿದ್ದೆ ನಾನು. ಊರಿಗೆಲ್ಲ ಪುರಾಣ ಹೇಳದು, ಮನೇಲಿ ಬದನೆಕಾಯಿ ತಿನ್ನದು. ಹಂಗಾಯ್ತಲ್ಲ!"

"ಹೌದು," ಅಂದ ಪುಟ್ಟಯ್ಯ.

"ಬರೀ ಹೌದು ಅಂದ್ರೆ?"

"ನೀ ಹೇಳಿದ್ದು ಸರಿ ಅದೆ. ಅದಕ್ಕೆ ಹೌದು ಅಂದೆ."

ರಾಧಮ್ಮ ಕತ್ತಿಯನ್ನು ಮೋರಿಯ ಕಟ್ಟೆಯ ಮೇಲಿಟ್ಟಳು. "ಪುಟ್ಟಯ್ಯಣ್ಣ, ಮನೇಲಿ ಎಂತ ಆಯ್ತು ಹೇಳಿ."

"ಮಗಳು ಸೌಜನ್ಯ ಹೆತ್ತು ಬಂದು ಇಪ್ಪತ್ತೆರಡು ದಿನ. ಇಷ್ಟು ದಿನ ನಸುಕಿಗೆ ಎದ್ದು ಕೆಳಗಿನ ಹಳ್ಳದ ಗುಂಡಿಯಿಂದ ಹೊತ್ತು ಹಾಕ್ತಿದ್ದೆ. ಹೋದ ವಾರ ಗುಂಡಿನೂ ಒಣಗ್ತು. ಬಾಣಂತಿಗೆ ನೀರು ಹಾಕ್ದೆ ನಾಲ್ಕು ದಿನ ಆಯ್ತು. ಕೂಸಿನ ಬಟ್ಟೆ ಒಗಿಯಕೆ ನೀರಿಲ್ಲ, ಮೂಲೇಲಿ ಬಿದ್ದದೆ. ಅದರ ಮೈಯೆಲ್ಲ ಗುಳ್ಳೆ ಎದ್ದದೆ."

"ಹಳ್ಳದಿಂದ ಯಾಕೆ ಹೊರದು? ನಿಮ್ಮ ಶನಿವಾರ ಎಲ್ಲಿ ಹೋಯ್ತು?"

ಪುಟ್ಟಯ್ಯ ಮೋರಿಯ ಕೆಳಗೆ ಒಣಗಿ ಬಿದ್ದ ಎಲೆಗಳನ್ನು ನೋಡುತ್ತ ನಿಂತ. ರಾಧಮ್ಮನಿಗೆ ತನ್ನ ಪ್ರಶ್ನೆಯ ಉತ್ತರ ತಾನಾಗಿಯೇ ಹೊಳೆಯಿತು. ಗಂಡನ ವರ್ಷದ ತಿಥಿ ಬಂದದ್ದು ಭಾನುವಾರ. ನೆಂಟರಿಗೆ ಅಡಿಗೆಯಾಗಬೇಕಲ್ಲ ಎಂದು ಹಿಂದಿನ ದಿನದ ನೀರನ್ನು ಅವಳು ಪುಟ್ಟಯ್ಯನ ಹತ್ತಿರ ಕೇಳಿ ಇಸಿದುಕೊಂಡಿದ್ದಳು. "ಅದಕ್ಕೆಂತ, ತಗೊ," ಅಂದಿದ್ದ ಅವನು.

ಅತ್ತಿಮಕ್ಕಿಯಲ್ಲಿ ನೀರಿನ ಸಾಲ ನೀರಲ್ಲೇ ತೀರಬೇಕು. ಪಡೆದವರೇ ನೆನಪಿಟ್ಟು, ತಮ್ಮ ಪಾಳಿಯ ದಿನ ತಾವೇ ಹೋಗಿ ವಾಲ್ವು ತಿರುಗಿಸಿ ಬರಬೇಕು. ಕೊಟ್ಟವರು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಚೌಡಿ ನೊಂದುಕೊಳ್ಳುತ್ತಾಳೆ, ಒರತೆ ಹಿಂದಕ್ಕೆ ಸರಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ತೊಟ್ಟಿ ತುಂಬಿ ಹರಿಯುತ್ತಿದ್ದ ಕಾಲದ ಮಾತು ಅದು.

ರಾಧಮ್ಮ ಪ್ರದೀಪನ ಕಡೆ ನೋಡಿದಳು. ಅವನ ತಂಗಿ ನಿಶ್ಚಿತಾಳ ನಿಶ್ಚಿತಾರ್ಥವೂ ಇನ್ನೊಂದು ಭಾನುವಾರವೇ ಆಗಿತ್ತು. ಆಚೆ ಮನೆಯ ಸತ್ಯನಾರಾಯಣ ಪೂಜೆ ಭಾನುವಾರ, ಅದರಾಚೆಯ ಮನೆಯಲ್ಲಿ ಮಗುವಿಗೆ ಹೆಸರಿಟ್ಟದ್ದು ಭಾನುವಾರ, ಇನ್ನೊಂದು ಮನೆಯಲ್ಲಿ ಹೆಂಚು ಹೊದೆಸಿ ಆಳುಗಳಿಗೆ ಊಟ ಹಾಕಿದ್ದೂ ಭಾನುವಾರ. ಕೊನೆಯ ಮನೆಯವರು ಏಲಕ್ಕಿ ಸಸಿ ಬಾಡುತ್ತದೆ ಎಂದು ಕೇಳಿದ್ದರು. ಪ್ರತಿಯೊಬ್ಬರೂ ಒಂದೇ ಒಂದು ಶನಿವಾರ ಪಡೆದಿದ್ದರು. ಒಂದಲ್ಲವೇ, ಮಳೆ ಬಿದ್ದ ಮೇಲೆ ಕೊಟ್ಟರಾಯಿತು ಎಂದುಕೊಂಡಿದ್ದರು. ಶಿವರಾತ್ರಿಯಿಂದ ಈಚೆಗೆ ಬಂದುಹೋಗಿದ್ದು ಆರು ಶನಿವಾರ.

ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಲಾರಿಯ ಡ್ರೈವರು ಬೀಡಿ ಹಚ್ಚಿದ.

"ಒಂದು ಮಾತು ಹೇಳ್ಬಾರ್ದಿತ್ತಾ ನೀವು?" ಎಂದಳು ರಾಧಮ್ಮ.

"ಎಂತ ಹೇಳದು ರಾಧಮ್ಮ? ಕೊಟ್ಟ ನೀರು ಕೇಳ್ತಾರಾ ಯಾರಾದ್ರೂ?"

"ಆಣೆ ಮುರಿಬೌದು, ಕೇಳಬಾರ್ದು. ಚೆಂದ ಅದೆ ನಿಮ್ಮ ಲೆಕ್ಕ!" ಎಂದ ಪ್ರದೀಪ. ಆದರೆ ದನಿಯಲ್ಲಿ ಮೊದಲಿನ ಕಾವಿರಲಿಲ್ಲ. "ಆಯ್ತು, ನಾಳೆ ನನ್ನ ಪಾಳಿ. ಪೂರಾ ನೀವೇ ತಗೊಳ್ಳಿ. ಇವನನ್ನ ವಾಪಸು ಕಳ್ಸಿ."

"ಒರತೆ ನೋಡಿದ್ಯಾ ಈಚೆಗೆ? ಕಿರುಬೆರಳಿನಷ್ಟು ಬರ್ತದೆ. ನಿಂದು ನಾ ತಗೊಂಡ್ರೆ ನಿನ್ನ ಮನೇಲಿ ಎಂತ ಕುಡಿತಾರೆ? ನಾಡಿದ್ದು ನೀ ಎಲ್ಲಿಗೆ ಹೋತಿಯ?" ಪುಟ್ಟಯ್ಯ ಮೊದಲ ಬಾರಿಗೆ ತಲೆಯೆತ್ತಿದ. "ಚೌಡಿ ಅಮ್ಮನ ಹತ್ರ ನಿನ್ನೆ ಸಂಜೆ ಹೋಗಿ ಹೇಳಿ ಬಂದೆ. ತಪ್ಪು ನಂದು, ಉಳಿದವರ ಮೇಲೆ ಹಾಕ್ಬೇಡ ಅಂತ. ಇನ್ನು ದಾರಿ ಬಿಡಿ."

ಆಮೇಲೆ ಪ್ರದೀಪ ಜೀಪು ಹತ್ತಿ, ಹಿಂದಕ್ಕೆ ತೆಗೆದು, ಚರಂಡಿಯ ಅಂಚಿಗೆ ಹಚ್ಚಿ ಇಳಿದ. ಲಾರಿ ಹಾದುಹೋಗುವಾಗ ಅದರ ಬಾಗಿಲಿಗೆ ಕೈ ಕೊಟ್ಟು, ಜೊತೆಜೊತೆಗೆ ನಾಲ್ಕು ಹೆಜ್ಜೆ ನಡೆಯುತ್ತ ಡ್ರೈವರನನ್ನು ಏನೋ ಕೇಳಿದ. ಡ್ರೈವರು ಒಂದು ಕಾರ್ಡು ಕೊಟ್ಟ. ಪ್ರದೀಪ ಅದನ್ನು ಜೇಬಿಗೆ ಹಾಕಿಕೊಂಡದ್ದನ್ನು ರಾಧಮ್ಮ ನೋಡಿದಳು. ಹೆಂಚು ಹೊದೆಸಿದ್ದ ಮನೆಯವರೂ ನೋಡಿದರು. "ನಂಗೂ ಆ ನಂಬರ್ ಒಂಚೂರು ಕಳ್ಸು," ಎಂದು ಅವರು ಅಂದದ್ದು ಬಹಳ ಮೆಲ್ಲಗೆ.

ಹನ್ನೊಂದು ಗಂಟೆಗೆ ಕೊರೆಯಲು ಶುರುವಾಯಿತು. ಅಷ್ಟು ಹೊತ್ತಿಗೆ ಗುಡ್ಡದ ಮೇಲಿನ ಮೋಡವೂ ಎದ್ದು ಹೋಗಿತ್ತು. ನೆಲದೊಳಗಿಂದ ಬರುವ ಆ ಗುಡುಗಿಗೆ ರಾಧಮ್ಮನ ಅಡಿಗೆಮನೆಯ ಪಾತ್ರೆಗಳು ಸಣ್ಣಗೆ ಕಂಪಿಸಿದವು. ಕೊಟ್ಟಿಗೆಯಲ್ಲಿ ದನ ಎದ್ದು ನಿಂತಿತು. ಪುಟ್ಟಯ್ಯನ ಮನೆಯ ಕಡೆಯಿಂದ ಬೂದಿಯಂಥ ಕಲ್ಲುಪುಡಿ ಮೇಲೆದ್ದು ಕಾಫಿ ಗಿಡಗಳ ಮೇಲೆ ಕೂತಿತು. ನೂರು ಅಡಿ, ಇನ್ನೂರು ಅಡಿ. ಬರೀ ಪುಡಿ. ಹಿತ್ತಿಲ ಡ್ರಮ್ಮಿಗೆ ಅವಳ ಪಾಲಿನ ನೀರು ನೂಲಿನಂತೆ ಬೀಳುತ್ತಿತ್ತು. ಅದು ಇನ್ನೂ ಮೊಣಕಾಲೆತ್ತರಕ್ಕೂ ಏರಿರಲಿಲ್ಲ.

ಅವಳು ಚಪ್ಪಲಿ ಬಿಟ್ಟು ಗುಡ್ಡ ಹತ್ತಿದಳು. ಕಾಡಿನೊಳಗೆ ನೆರಳಿತ್ತು, ತಂಪಿರಲಿಲ್ಲ. ಚೌಡಿಯ ಕಲ್ಲಿನ ಮುಂದೆ ನಿನ್ನೆ ಪುಟ್ಟಯ್ಯ ಒಡೆದ ಕಾಯಿಯ ಹೋಳು, ಬಾಡಿದ ಕೇಪಳದ ಹೂವು. ರಾಧಮ್ಮ ಕೈ ಮುಗಿದು ನಿಂತಳು. ಏನಾದರೂ ಬೇಡಿಕೊಳ್ಳಬೇಕೆಂದು ಬಂದವಳಿಗೆ ಬೇಡಲು ಬಾಯಿ ಬರಲಿಲ್ಲ. ತೊಟ್ಟಿಯ ಗೋಡೆಯ ಮೇಲೆ ಹಿಂದಿನ ವರ್ಷಗಳ ನೀರಿನ ಗೆರೆಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ತಳದಲ್ಲಿ ಅಂಗೈಯಷ್ಟು ನೀರು ಮರದ ತುದಿಯನ್ನೂ ಆಕಾಶವನ್ನೂ ಹಿಡಿದುಕೊಂಡು, ಕೆಳಗಿನ ಗುಡುಗಿಗೆ ಸುಮ್ಮನೆ ನಡುಗುತ್ತಿತ್ತು.

ಏಳು ವಾಲ್ವುಗಳು ಸಾಲಾಗಿದ್ದವು. ಅವಳು ಕುಕ್ಕರುಗಾಲಿನಲ್ಲಿ ಕೂತು ತನ್ನದನ್ನು ತಿರುಗಿಸಿ ಮುಚ್ಚಿದಳು. ಪುಟ್ಟಯ್ಯನ ಮನೆಯದು ಆರು ವಾರದಿಂದ ಯಾರೂ ಮುಟ್ಟದೆ ತುಕ್ಕು ಹಿಡಿದು ಬಿಗಿಯಾಗಿತ್ತು. ಸೆರಗಿನ ತುದಿ ಸುತ್ತಿ, ಎರಡೂ ಕೈ ಹಾಕಿ ತಿರುಚಿದಳು. ಒಳಗೆ ಮೊದಲು ಗಾಳಿ ಸರಿಯಿತು.

ಅಷ್ಟರಲ್ಲಿ ಕೆಳಗೆ ಕೊಳವೆ ಬದಲಿಸಲೆಂದು ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ಅವಳು ಪೈಪಿಗೆ ಕಿವಿಯಿಟ್ಟಳು. ನೀರು, ಇದ್ದಷ್ಟು, ಪುಟ್ಟಯ್ಯನ ಮನೆಯ ಕಡೆಗೆ ಇಳಿಯುತ್ತಿತ್ತು.