ಬ್ರೆಕ್ಕೆಯವರು ಎದುರು ಕೂತು ಕೇಳಿದ ದಿನ

ಏಪ್ರಿಲ್ ಅರ್ಧ ಕಳೆದ ಮೇಲೆ ಅಷ್ಟೊಂದು ಹಿಮ ಬೀಳುತ್ತದೆಂದು ಉತ್ತರ ಡಕೋಟದವರಾದ ನಾವೂ ಎಣಿಸಿರಲಿಲ್ಲ. ಅದೂ ನಿವೃತ್ತರಾಗಲಿದ್ದ ಹಾಲ್ವರ್ ಬ್ರೆಕ್ಕೆಯವರ ಕೊನೆಯ ಸಂಗೀತ ಕಛೇರಿಯ ಭಾನುವಾರವೇ.

ಬ್ರೆಕ್ಕೆ ನಮ್ಮ ವಿಶ್ವವಿದ್ಯಾಲಯದ ಬ್ಯಾಂಡನ್ನು ಮೂವತ್ತು ವರ್ಷ ನಡೆಸಿದವರು. ನಾನು ಅದರಲ್ಲಿ ಹಾರ್ನ್ ಎಂಬ ಹಿತ್ತಾಳೆಯ ವಾದ್ಯ ಊದುತ್ತಿದ್ದೆ. ನಮ್ಮ ಸೀಮೆಯ ಶಾಲೆಗಳಲ್ಲಿ ಬ್ಯಾಂಡು ಕಲಿಸುವ ಮೇಷ್ಟರುಗಳಲ್ಲಿ ಅರ್ಧ ಜನ ಅವರಿಂದ ಬೈಸಿಕೊಂಡೇ ಬೆಳೆದವರು. ಶನಿವಾರ ಫುಟ್‌ಬಾಲ್ ಮೈದಾನದಲ್ಲಿ ಬ್ಯಾಂಡು, ಬೇಸಿಗೆಯಲ್ಲಿ ಮಕ್ಕಳ ಶಿಬಿರ, ವಸಂತದಲ್ಲಿ ಬಸ್ಸು ಹತ್ತಿ ಊರೂರು. ಈ ಗದ್ದಲದಲ್ಲಿ ಹೆಂಡತಿ ಆರ್ಡಿಸ್ ಬೇಸತ್ತು ಬಿಟ್ಟುಹೋದದ್ದು, ಮಗಳು ಸೊಲ್ವೆಗ್ ದೊಡ್ಡವಳಾದದ್ದು ಅವರ ಗಮನಕ್ಕೆ ಬಂದದ್ದೇ ತಡವಾಗಿ. ಊಟವೂ ಕಾಲೇಜಿನ ಕೋಣೆಯಲ್ಲೇ, ಬ್ರೆಡ್ಡು ಮತ್ತು ಉಪ್ಪುಮೀನು, ಒಬ್ಬರೇ.

ಅಂದು ಹಳೆಯ ಶಿಷ್ಯರೆಲ್ಲ ಬಂದು ನಮ್ಮ ಜೊತೆ ಊದುವುದೆಂದು ವೇದಿಕೆಯಲ್ಲಿ ಹೆಚ್ಚಿನ ಕುರ್ಚಿ ಹಾಕಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿ ಮುಚ್ಚಿತು. ಹಾಸ್ಟೆಲಿನಿಂದ ನಡೆದು ಬರಬಲ್ಲ ನಾವಷ್ಟೇ ತಲುಪಿದೆವು.

ಬ್ರೆಕ್ಕೆಯವರ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಡೆನ್ವರಿನಿಂದ ಸೊಲ್ವೆಗ್.

“ವಿಮಾನ ಹಾರಲ್ವಂತಾ? ಬೇಡ ಪುಟ್ಟಿ, ಕಾರಲ್ಲಿ ಬರೋ ಹುಚ್ಚು ಮಾಡ್ಬೇಡ. ಇಲ್ಲಮ್ಮ, ನಂಗೇನು ಬೇಜಾರು?”

ಫೋನಿಟ್ಟ ಮೇಲೂ ಅದರ ಮೇಲಿನ ಕೈಯನ್ನು ಅವರು ಬಹಳ ಹೊತ್ತು ತೆಗೆಯಲಿಲ್ಲ.

ಅವರು ವೇದಿಕೆಗೆ ಬಂದಾಗ ಕ್ಲಾರಿನೆಟ್ ಊದುವವರ ಮುಂದಾಳು ಮಾರ್ಲಿಸ್ ಕೇಳಿದಳು: “ಸಾರ್, ಮುಂದಕ್ಕೆ ಹಾಕೋಣ್ವಾ?”

“ಎಲ್ಲಿಗೆ ಹಾಕ್ತೀಯ? ಇನ್ನು ಪರೀಕ್ಷೆ. ಆಮೇಲೆ ಈ ಕೋಣೆ ಬೇರೆಯವರದು. ನಡೀರಿ, ಊದೋಣ.”

“ಯಾರಿಗೆ ಊದೋದು ಸಾರ್? ಒಂದು ನರಪಿಳ್ಳೇನೂ ಇಲ್ಲ,” ಎಂದಳು ಅವಳು.

ಟ್ಯೂಬಾ ಎಂಬ ಭಾರಿ ತುತ್ತೂರಿ ಊದುವ ದಢೂತಿ ಲಾವರ್ನ್ ನಕ್ಕ. “ನಾನೊಬ್ಬ ಕೂತ್ರೆ ಮುಂದಿನ ಸಾಲು ಭರ್ತಿ ಸಾರ್.”

“ನಿನ್ನ ಟ್ಯೂಬಾನೂ ಅಷ್ಟು ದಪ್ಪಗೆ ಕೇಳಿದ್ರೆ ಸಾಕಿತ್ತು ಕಣಯ್ಯ,” ಎಂದರು ಬ್ರೆಕ್ಕೆ.

ಆಗ ಮಾರ್ಲಿಸ್, “ನೀವೇ ಹೋಗಿ ಕೂತ್ಕೊಳ್ಳಿ. ಒಂದ್ಸಲನಾದ್ರೂ ನಮ್ಮನ್ನ ಎದುರಿಂದ ಕೇಳಿದೀರಾ?” ಎಂದಳು.

ಬ್ರೆಕ್ಕೆ ತಾಳ ತೋರಿಸುವ ಕೋಲನ್ನು ಕೆಳಗಿಟ್ಟು, ವೇದಿಕೆಯ ಮೆಟ್ಟಿಲಿಳಿದು, ಖಾಲಿ ಸಭಾಂಗಣದ ನಡುವೆ ಕೋಟು ಬಿಚ್ಚದೆ ಕೂತರು.

ಮಾರ್ಲಿಸ್ ಉಸಿರೆಳೆದು ತಲೆ ಆಡಿಸಿದಳು, ಶುರುಮಾಡಿದೆವು. ನಮ್ಮ ಹಾರ್ನುಗಳು ಸದಾ ತಾಳದಲ್ಲಿ ಹಿಂದೆ ಬೀಳುವ ಜಾಗವೊಂದಿತ್ತು. ಅಲ್ಲಿಗೆ ಬಂದಾಗ ಅವರ ಬಲಗೈ ತಾನಾಗಿ ಮೇಲೆದ್ದಿತು. ಎಡಗೈಯಿಂದ ಅದನ್ನು ಹಿಡಿದು ತೊಡೆಯ ಮೇಲೆ ಒತ್ತಿಕೊಂಡರು. ನಾವು ಎಡವದೆ ದಾಟಿದೆವು.

ಮುಗಿದಾಗ ಚಪ್ಪಾಳೆಯಿಲ್ಲ.

“ಇನ್ನೊಂದ್ಸಲ ಊದೋಣ್ವಾ ಸಾರ್?” ಎಂದಳು ಮಾರ್ಲಿಸ್.

“ಬೇಡ. ಸರಿಯಾಗಿತ್ತು.” ಆ ಮಾತನ್ನು ನಾವು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಎದ್ದು ನಿಂತು ಹೇಳಿದರು: “ನಾನಿಲ್ದೇನೂ ಸರಿಯಾಗೇ ಇತ್ತು.”

ಲಾವರ್ನ್ ಸೂಪು ಕುಡಿಯಲು ಹಾಸ್ಟೆಲಿಗೆ ಕರೆದ. “ಮನೇಲಿ ಕೆಲ್ಸ ಇದೆ ಕಣೋ,” ಎಂದು ಟೊಪ್ಪಿ ಹಾಕಿಕೊಂಡು ಹೊರಟರು. ಯಾವ ಕೆಲಸವೂ ಇಲ್ಲವೆಂದು ನಮಗೆ ಗೊತ್ತಿತ್ತು. ಆದರೂ ಯಾರೂ ಹಿಂದೆ ಹೋಗಲಿಲ್ಲ.

ಬೇಸಿಗೆಯಲ್ಲಿ ಮನೆ ಮಾರಿ ಡೆನ್ವರಿಗೆ, ಮಗಳ ಮನೆಗೆ ಹೋದರು. ಒಮ್ಮೆ ನಾನು ನೋಡಲು ಹೋದಾಗ ಅಡುಗೆಮನೆಯಲ್ಲಿ ಆಲೂಗೆಡ್ಡೆ ಬೇಯಿಸುತ್ತಿದ್ದರು. ಸೊಲ್ವೆಗ್ ಆಸ್ಪತ್ರೆಯ ಪಾಳಿ ಮುಗಿಸಿ ಬಂದಳು. ಊಟಕ್ಕೆ ಕೂತಾಗ ತಂದೆಗೂ ಮಗಳಿಗೂ ಆಡಲು ಮಾತೇ ಇರಲಿಲ್ಲ. ಉಪ್ಪು ಕೊಡು, ನೀರು ಕೊಡು, ಅಷ್ಟೇ. ಆದರೆ ಅವಳು ಬರುವ ತನಕ ಅವರು ತಟ್ಟೆ ಮುಟ್ಟಿರಲಿಲ್ಲ.