ರಾಜಿಗೆ ಸಿಗುವುದೇನು

ಯುದ್ಧ ಮಾಡುವುದನ್ನು ಯಾವ ಆಟ ಬೇಕಾದರೂ ಕಲಿಸುತ್ತದೆ, ರಾಜಿ ಮಾಡಿಸುವ ಆಟ ನಮ್ಮದೊಂದೇ ಎಂದು ಕುತೈಬಾ ಹೋದಲ್ಲೆಲ್ಲ ಎದೆಯುಬ್ಬಿಸಿ ಹೇಳಿಕೊಂಡು ಬರುತ್ತಿದ್ದ. ಅಮ್ಮಾನಿನ ವೈಬ್ದೆ ಗುಡ್ಡದಲ್ಲಿ, ಹಳೆಯ ಕಲ್ಲುಕಟ್ಟಡದ ಮಹಡಿಯ ಮೇಲೆ ಕಂಪ್ಯೂಟರ್ ಆಟ ತಯಾರಿಸುವ ಅವನ ಕಂಪನಿ. ಕಂಪನಿ ಎಂದರೆ ಏನು ಮಹಾ, ಬೆರಳೆಣಿಕೆಯ ಜನ, ಅಷ್ಟೇ ಕಂಪ್ಯೂಟರು, ಉರಿದರೆ ಉರಿಯಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಒಂದು ಗ್ಯಾಸ್ ಹೀಟರು. ಜಂಬ ಅವನದಾದರೂ ಆ ಆಟದ ರಾಜಿಯ ನಿಯಮಗಳನ್ನೆಲ್ಲ ಕೂತು ಬರೆದವಳು ರಿನಾದ್.

ಆಟದಲ್ಲಿ ಒಂದು ಕಣಿವೆ, ಅದನ್ನು ಹಂಚಿಕೊಂಡ ಮನೆತನಗಳು. ಬಾವಿಗೆ, ಹುಲ್ಲುಗಾವಲಿಗೆ ಜಗಳ ಹತ್ತಿ ಯುದ್ಧವಾಗುತ್ತದೆ. ಜನ ಸತ್ತ ಊರಿನ ಮೇಲೆ ಒಂದು ಕೆಂಪು ಗೆರೆ ಮೂಡುತ್ತದೆ. ಅದು ಆ ಊರಿನ ದುಃಖ. ಗೆರೆ ಉದ್ದವಾದಷ್ಟೂ ಹೊಲ ಬೀಳುಬೀಳುತ್ತದೆ, ಕಂದಾಯ ನಿಲ್ಲುತ್ತದೆ. ಅದನ್ನು ಅಳಿಸಬೇಕೆಂದರೆ ಕೊಂದವರ ಕಡೆಯಿಂದ ಜಾಹ ಹೋಗಬೇಕು. ಊರಿನ ದೊಡ್ಡ ಮನುಷ್ಯರೆಲ್ಲ ದಂಡುಗಟ್ಟಿಕೊಂಡು ಸತ್ತವರ ಮನೆ ಬಾಗಿಲಿಗೆ ಹೋಗಿ ಕೂರಬೇಕು. ಆ ಮನೆಯವರು ಕಾಫಿ ಕೊಡುತ್ತಾರೆ. ಬಂದವರ ಮುಖಂಡ ಕುಡಿಯದೆ ಬಟ್ಟಲನ್ನು ಮುಂದೆ ಇಟ್ಟು ಕೇಳುವುದನ್ನು ಕೇಳುತ್ತಾನೆ. ಯಜಮಾನ ‘ಕಾಫಿ ಕುಡಿಯಿರಿ’ ಎಂದರೆ ರಾಜಿಯಾಯಿತು. ಗೆರೆ ಅಳಿಸಿಹೋಗಿ ಊರೆಲ್ಲ ಹಸಿರಾಗುತ್ತದೆ.

ಒಲ್ಲೆ ಎನ್ನುವುದಕ್ಕೂ ದಾರಿಯಿತ್ತು, ಇರಲಿಲ್ಲವೆಂದಲ್ಲ. ಆದರೆ ಒಲ್ಲೆ ಎಂದವನ ಮಾನ ಪಾತಾಳಕ್ಕೆ ಇಳಿಯುವಂತೆ, ಒಬ್ಬ ನೆಂಟನೂ ಅವನ ಕಡೆ ಉಳಿಯದಂತೆ ರಿನಾದ್ ನಿಯಮ ಹಾಕಿದ್ದಳು. ಆಡಿ ನೋಡಲು ಬಂದ ಹುಡುಗರಲ್ಲಿ ಒಬ್ಬನಾದರೂ ಒಲ್ಲೆ ಎಂದದ್ದಿಲ್ಲ. ನಿಯಮ ಎಷ್ಟು ಚೆನ್ನಾಗಿ ಕೂತಿದೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಆಮೇಲೆ ಅವಳ ಅಣ್ಣ ಬಿಶರ್ ಸತ್ತ. ಪೆಟ್ರೋಲ್ ಬಂಕಿನ ಹತ್ತಿರ ಎರಡು ಮನೆತನದ ಹುಡುಗರು ಕೈ ಕೈ ಮಿಲಾಯಿಸಿಕೊಂಡಿದ್ದರು. ಬಿಡಿಸಲು ಹೋದವನಿಗೇ ಚಾಕು ಬಿತ್ತು. ಹೊಡೆದವನು ಜೈಲಿಗೆ ಹೋದ, ಅವನ ಮನೆಯವರು ರಾತ್ರೋರಾತ್ರಿ ಊರು ಬಿಟ್ಟರು. ಮಧ್ಯಸ್ಥರು ಬಂದು ಅಲ್ಲಿಯ ತನಕ ಸೇಡಿಗೆ ಕೈ ಹಾಕಬೇಡಿ ಎಂದು ಗಡುವು ಕೇಳಿದರು, ಮತ್ತೊಮ್ಮೆ ಬಂದು ಗಡುವು ಮುಂದೂಡಿದರು. ಕೊನೆಗೆ ಒಂದು ಶುಕ್ರವಾರ ಜಾಹ ಬಂತು.

ಮನೆ ಮುಂದೆ ಶಾಮಿಯಾನ, ಕಣ್ಣು ಹಾಯಿಸಿದಷ್ಟು ದೂರ ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ತುಂಬ ಗಂಡಸರು. ಹೆಂಗಸರಿಗೆ ಅಲ್ಲೇನು ಕೆಲಸ? ರಿನಾದ್ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು, ಪಕ್ಕದಲ್ಲಿ ಅವಳ ತಾಯಿ. ಬಂದವರ ಮುಖಂಡ ಒಬ್ಬ ಮಾಜಿ ಮಂತ್ರಿ. ಅವನು ಬಟ್ಟಲನ್ನು ಮುಂದಿಟ್ಟು ದೇವರ ಹೆಸರು, ಪ್ರವಾದಿಯ ಹೆಸರು, ಈ ಮನೆಯ ಹಿರಿಯರ ಹೆಸರು ಎಲ್ಲ ಹೇಳಿ ಕೇಳಬೇಕಾದ್ದನ್ನು ಕೇಳಿದ. ಎಲ್ಲರ ಕಣ್ಣೂ ಅವಳ ಅಪ್ಪನ ಮೇಲೆ. ಅಪ್ಪ ಒಲ್ಲೆ ಎನ್ನಲಾರ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಒಲ್ಲೆ ಎಂದರೆ ಏನೇನು ಹೋಗುತ್ತದೆಂದು ತಾನೇ ಕೂತು ಲೆಕ್ಕ ಹಾಕಿದವಳಲ್ಲವೇ ಅವಳು!

‘ಕಾಫಿ ಕುಡಿಯಿರಿ’ ಎಂದ ಅಪ್ಪ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದ.

ಎಲ್ಲರೂ ಕುಡಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ರಿನಾದಳ ಮನೆ ಕಡೆಯವರ ಜೊತೆ ಬಂದು ಕೂತಿದ್ದ ಕುತೈಬಾ ಹೋಗುವಾಗ ಗೇಟಿನ ಹತ್ತಿರ ಅವಳಿಗೆ ಸಿಕ್ಕಿ, ಸದ್ಯ ಎಲ್ಲ ಒಳ್ಳೆಯದಾಗಿ ಮುಗಿಯಿತು ಎಂದ. ಅವನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಎಲ್ಲರೂ ಅದನ್ನೇ ಹೇಳಿದ್ದರು. ತಾಯಿ ಮಾತ್ರ ಬಟ್ಟಲು ತೊಳೆಯಲು ನಿಂತಳು. ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ರಿನಾದ್ ಅಪ್ಪನ ಜೊತೆ ಮಾತು ಬಿಟ್ಟಳು. ಅವನು ಕೂತ ಕಡೆ ಕೂರಲಿಲ್ಲ, ಕರೆದರೆ ಓಗೊಡಲಿಲ್ಲ. ಆದರೆ ಸಂಕಟ ಎಷ್ಟು ದಿನವೆಂದು ಬಾಯಿ ಮುಚ್ಚಿಕೊಂಡು ಇರುತ್ತದೆ? ಒಂದು ಸಂಜೆ ಅವನು ಜಗಲಿಯಲ್ಲಿ ಒಬ್ಬನೇ ಕೂತಿದ್ದಾಗ ಎದುರಿಗೆ ಹೋಗಿ ನಿಂತಳು.

"ಅಷ್ಟು ಸಲೀಸಾಗಿ ಕ್ಷಮಿಸಿಬಿಟ್ರಲ್ಲ ಅಪ್ಪಾ. ಬಿಶರ್ ಜೀವಕ್ಕೆ ಒಂದು ಬಟ್ಟಲು ಕಾಫಿನಾ?"

"ಕ್ಷಮಿಸಿದೆ ಅಂತ ಯಾರು ಹೇಳಿದ್ದು ನಿಂಗೆ?"

ಅಪ್ಪ ಪಕ್ಕದ ಕುರ್ಚಿಯನ್ನು ತೋರಿಸಿದ, ಅವಳು ಕೂತಳು.

"ನಿನ್ನ ತಮ್ಮ ನಿಝಾರ್ ಹಾಸಿಗೆ ಕೆಳಗೆ ಪಿಸ್ತೂಲ್ ಇಟ್ಕೊಂಡಿದ್ದ. ನಾನು ನೋಡಿದ್ದೆ. ಜಾಹ ಬಂದಾಗ ನನ್ನ ಹಿಂದೆನೇ ನಿಂತಿದ್ದ. ನಾನು ಕುಡೀರಿ ಅಂದಿದ್ದು ಬಂದೋರಿಗಲ್ಲ ಮಗಳೇ, ಅವನಿಗೆ ಕೇಳಲಿ ಅಂತ. ಅಪ್ಪ ಅಷ್ಟು ಜನರ ಮುಂದೆ ಕೊಟ್ಟ ಮಾತು, ಮುರಿಯೋ ಮಗ ಅಲ್ಲ ಅವನು. ಜನ ಎಲ್ಲ ಹೋದ ಮೇಲೆ ಅದನ್ನ ತಂದು ನನ್ನ ಕೈಗೆ ಕೊಟ್ಟ. ಅತ್ತ. ನಾನೂ ಅತ್ತೆ."

ಅಪ್ಪ ಅತ್ತದ್ದನ್ನು ರಿನಾದ್ ಕಂಡವಳಲ್ಲ. ಇಷ್ಟು ದಿನ ಇವನನ್ನು ಮನಸ್ಸಿನಲ್ಲಿ ಏನೆಲ್ಲ ಅಂದುಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವನ ಕೈ ಹಿಡಿದುಕೊಂಡು ಕತ್ತಲಾಗುವ ತನಕ ಅಲ್ಲೇ ಕೂತಳು.

ಮರುದಿನ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ನಿಯಮ ತಿದ್ದಿದ್ದು. ಕಾಫಿ ಕುಡಿದ ಮೇಲೆ ಕತ್ತಿ ಒಳಗೆ ಹೋಗುತ್ತದೆ, ಹೊಸದಾಗಿ ಯಾರೂ ಸಾಯುವುದಿಲ್ಲ. ಕೆಂಪು ಗೆರೆ ಮಾತ್ರ ಹಾಗೆಯೇ ಉಳಿಯುತ್ತದೆ. ಹೊಲ ಹಸಿರಾಗುವುದಿಲ್ಲ.

ಆಡಿ ನೋಡಿದ ಹುಡುಗರು ಗೊಣಗಿದರು. ಒಬ್ಬನಂತೂ ಆಟ ಕೆಟ್ಟಿದೆ, ಗೆರೆ ಅಳಿಸುತ್ತಿಲ್ಲ ಎಂದು ದೂರು ಕೊಟ್ಟ. ಕುತೈಬಾನಿಗೆ ತಲೆ ಬಿಸಿಯಾಯಿತು. ಆಟವನ್ನು ಕೊಳ್ಳುವ ಹೊರದೇಶದವರು ಮುಂದಿನ ವಾರ ನೋಡಲು ಬರುವವರಿದ್ದರು. ಅವರು ಮೆಚ್ಚಿದ್ದೇ ಆ ಹಸಿರನ್ನು. ಅವನು ರಿನಾದಳ ಮೇಜಿನ ಹತ್ತಿರ ಬಂದು ಮೊದಲು ನಯವಾಗಿಯೇ ಮಾತು ತೆಗೆದ. ನಿನ್ನ ದುಃಖ ನನಗೂ ಅರ್ಥವಾಗುತ್ತದೆ, ಆದರೆ ಆಟ ಆಟದ ಹಾಗಿರಲಿ, ಹಳೆಯ ನಿಯಮವನ್ನೇ ಹಾಕು ಎಂದ. ಅವಳು ಹಾಕುವುದಿಲ್ಲ ಎಂದಳು. ಹಾಗಾದರೆ ಬೇರೆಯವರ ಕೈಲಿ ಹಾಕಿಸುತ್ತೇನೆ ಎಂದ. ಹಾಕಿಸಿದರೆ ನನ್ನ ಹೆಸರು ತೆಗೆದುಬಿಡು, ನಾಳೆಯಿಂದ ನಾನು ಬರುವುದಿಲ್ಲ ಎಂದಳು. ಸುಳ್ಳು ರಾಜಿಗೆ ಇನ್ನು ಅವಳ ಕೈ ಬರುವಂತಿರಲಿಲ್ಲ. ಉಳಿದವರೆಲ್ಲ ಕೆಲಸ ನಿಲ್ಲಿಸಿ ಇವರನ್ನೇ ನೋಡುತ್ತಿದ್ದರು.

"ಅಲ್ಲ ಮಾರಾಯ್ತಿ, ಇಷ್ಟೆಲ್ಲ ಒದ್ದಾಡಿ ರಾಜಿ ಮಾಡ್ಕೊಂಡು ಕೊನೆಗೆ ಏನೂ ಸಿಗಲ್ಲ ಅಂದ್ರೆ ಯಾರು ಮಾಡ್ಕೋತಾರೆ? ಏನಾದ್ರೂ ಸಿಗಬೇಕಲ್ವಾ?" ಕುತೈಬಾ ದನಿ ಏರಿಸಿದ. "ಹೋಗ್ಲಿ, ನಿಮ್ಮಪ್ಪಂಗೆ ಏನು ಸಿಕ್ತು ಹೇಳು ನೋಡೋಣ."

ಅಂದವನೇ ನಾಲಗೆ ಕಚ್ಚಿಕೊಂಡ. ಮುಖ ಸಪ್ಪಗಾಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನು ತಡಕಾಡುತ್ತಿರುವಾಗಲೇ ರಿನಾದ್ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಝಾರ್ ನಿನ್ನೆ ಕಾಲೇಜಿಗೆ ಹೋದ," ಎಂದಳು. "ಸಂಜೆ ಮನೆಗೆ ಬಂದ."

ರಿನಾದ್ ಮತ್ತೆ ತನ್ನ ಕಂಪ್ಯೂಟರಿನ ಕಡೆ ತಿರುಗಿದಳು.